ಚಂಡಮಾರುತದ ನಂತರ ದ್ವೀಪಗಳಲ್ಲಿ ವಿದ್ಯುತ್ ಹಾಗೂ ದೂರಸಂಪರ್ಕದ ಮರುಸ್ಥಾಪನೆ: ಪೋರ್ಟೊ ರಿಕೊದ ಅನುಭವ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪ್ರಕೃತಿ ವಿಕೋಪದಿಂದ ವಿದ್ಯುತ್ ಹಾಗೂ ದೂರವಾಣಿ ಸಂಪರ್ಕ ಕಡಿತಗೊಂಡಾಗ ಗ್ರಾಹಕರಲ್ಲಿ ಎರಡು ಪ್ರಶ್ನೆಗಳು ಸಹಜವಾಗಿ ಉದ್ಭವಿಸುತ್ತವೆ. ಮೊದಲು ಅರ್ಜಿ ಸಲ್ಲಿಸಿದವರಿಗೆ ಮೊದಲು ಮರುಸಂಪರ್ಕ ಏಕೆ ದೊರೆಯುವುದಿಲ್ಲ? ನೆರೆಯ ಬೀದಿಯಲ್ಲಿ ದೀಪ ಉರಿಯುತ್ತಿರುವಾಗ ತಮ್ಮ ಮನೆ ಮಾತ್ರ ಏಕೆ ಕತ್ತಲೆಯಲ್ಲಿದೆ? ಅಮೆರಿಕ ಸಂಯುಕ್ತ ಸಂಸ್ಥಾನದ ಆಡಳಿತಕ್ಕೆ ಒಳಪಟ್ಟ ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಅನುಭವದ ಆಧಾರದ ಮೇಲೆ ಈ ಪ್ರಶ್ನೆಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ.

2. ಹಾನಿಯ ಸ್ವರೂಪ

2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತವು ದ್ವೀಪದ ಉತ್ತರಕ್ಕೆ ಹಾದುಹೋಗಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ವಿದ್ಯುತ್ ಕಡಿತಕ್ಕೆ ಕಾರಣವಾಯಿತು. ಅದರ ದುರಸ್ತಿ ಪೂರ್ಣಗೊಳ್ಳುವ ಮೊದಲೇ, ಸೆಪ್ಟೆಂಬರ್ 20ರಂದು ಗಂಟೆಗೆ ಸುಮಾರು 250 ಕಿ.ಮೀ. ವೇಗದ ಮರಿಯಾ ಚಂಡಮಾರುತವು ಯಾಬುಕೋವಾ ಪಟ್ಟಣದ ಬಳಿ ಭೂಸ್ಪರ್ಶ ಮಾಡಿತು. ಸುಮಾರು 15 ಲಕ್ಷ ಗ್ರಾಹಕರನ್ನು ಹೊಂದಿದ್ದ ವಿದ್ಯುತ್ ಜಾಲವು ಸಂಪೂರ್ಣವಾಗಿ ಸ್ಥಗಿತಗೊಂಡಿತು. ಮೊಬೈಲ್ ಗೋಪುರಗಳ ಪೈಕಿ ಶೇಕಡ 95ರಷ್ಟು ನಿಷ್ಕ್ರಿಯವಾದವು.

3. ದ್ವೀಪದಲ್ಲಿ ವಿಳಂಬಕ್ಕೆ ಕಾರಣಗಳು

ಮುಖ್ಯ ಭೂಭಾಗದಲ್ಲಿ ಇಂತಹ ಹಾನಿಯಾದರೆ ನೆರೆಯ ರಾಜ್ಯಗಳ ಸಿಬ್ಬಂದಿಯು ವಾಹನಗಳೊಂದಿಗೆ ರಸ್ತೆಯ ಮೂಲಕವೇ ಬಂದು ಸೇರಬಹುದು. ನೆರೆಯ ಜಾಲದಿಂದ ವಿದ್ಯುತ್ತನ್ನೂ ಪಡೆಯಬಹುದು. ಪೋರ್ಟೊ ರಿಕೊಗೆ ಈ ಎರಡೂ ಅನುಕೂಲಗಳಿರಲಿಲ್ಲ. ಕಂಬ, ತಂತಿ, ಪರಿವರ್ತಕ ಹಾಗೂ ಕ್ರೇನ್ ವಾಹನಗಳನ್ನು ಹಡಗಿನಲ್ಲಿ ತರಿಸಬೇಕಾಯಿತು. ದೊಡ್ಡ ಉತ್ಪಾದನಾ ಕೇಂದ್ರಗಳಲ್ಲಿ ಹೆಚ್ಚಿನವು ದಕ್ಷಿಣ ಕರಾವಳಿಯಲ್ಲಿದ್ದರೆ, ರಾಜಧಾನಿ ಸಾನ್ ಹ್ವಾನ್ ಸೇರಿದಂತೆ ಹೆಚ್ಚಿನ ಬೇಡಿಕೆ ಉತ್ತರದಲ್ಲಿತ್ತು. ಇವೆರಡನ್ನೂ ಜೋಡಿಸುವ ಪ್ರಸರಣ ಮಾರ್ಗಗಳು ನಡುವಿನ ಗುಡ್ಡಗಾಡಿನ ಮೂಲಕ ಹಾದುಹೋಗಿದ್ದವು. ಅಲ್ಲಿನ ರಸ್ತೆಗಳೇ ಕುಸಿದಿದ್ದವು. ಇದಲ್ಲದೆ ಸರ್ಕಾರಿ ವಿದ್ಯುತ್ ಸಂಸ್ಥೆಯು ಸುಮಾರು 900 ಕೋಟಿ ಡಾಲರ್ ಸಾಲದ ಹೊರೆಯಿಂದ ಅದೇ ವರ್ಷದ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿತ್ತು.

4. ವಿದ್ಯುತ್ ಮರುಸ್ಥಾಪನೆಯ ಕ್ರಮ

ವಿದ್ಯುತ್ತನ್ನು ಅರ್ಜಿಯ ಸರದಿಯಂತೆ ಮರಳಿ ನೀಡಲು ಸಾಧ್ಯವಿಲ್ಲ. ಅದು ಜಾಲದ ರಚನೆಯನ್ನು ಅನುಸರಿಸಿ ಸಾಗುತ್ತದೆ. ಕ್ರಮವು ಸಾಮಾನ್ಯವಾಗಿ ಈ ಕೆಳಕಂಡಂತಿರುತ್ತದೆ.

(ಅ) ಉತ್ಪಾದನಾ ಕೇಂದ್ರಗಳ ಚಾಲನೆ. ಕೇಂದ್ರವನ್ನು ಚಾಲನೆಗೊಳಿಸುವುದಕ್ಕೂ ವಿದ್ಯುತ್ ಅವಶ್ಯಕವಾದುದರಿಂದ ಸಣ್ಣ ಘಟಕಗಳಿಂದ ಆರಂಭಿಸಲಾಗುತ್ತದೆ.
(ಆ) ಪ್ರಸರಣ ಮಾರ್ಗಗಳು ಹಾಗೂ ಉಪಕೇಂದ್ರಗಳು.
(ಇ) ಆಸ್ಪತ್ರೆ, ನೀರು ಸರಬರಾಜು ಹಾಗೂ ತುರ್ತು ಸೇವೆಗಳಿಗೆ ವಿದ್ಯುತ್ ಒದಗಿಸುವ ಮಾರ್ಗಗಳು.
(ಈ) ಹೆಚ್ಚು ಮನೆಗಳಿರುವ ವಿತರಣಾ ಮಾರ್ಗಗಳು.
(ಉ) ಕೊನೆಯಲ್ಲಿ, ದೂರದ ಒಂಟಿ ಮನೆಗಳ ಸಂಪರ್ಕ.

ನೆರೆಯ ಬೀದಿಯ ಮನೆಗಳು ಬೇರೊಂದು ಮಾರ್ಗಕ್ಕೆ ಸೇರಿರಬಹುದು. ಆದುದರಿಂದ ಅಲ್ಲಿ ದೀಪ ಉರಿಯುವುದು ಪಕ್ಷಪಾತದ ಲಕ್ಷಣವೇ ಆಗಿರಬೇಕೆಂದಿಲ್ಲ. ಮೇಲಿನ ಹಂತ ದುರ್ಬಲವಾಗಿದ್ದರೆ ಕೆಳಗಿನ ದುರಸ್ತಿಯೂ ನಿಷ್ಫಲವಾಗುತ್ತದೆ. 2018ರ ಏಪ್ರಿಲ್ 18ರಂದು, ಉರುಳಿದ ಗೋಪುರವೊಂದನ್ನು ತೆರವುಗೊಳಿಸುತ್ತಿದ್ದ ಯಂತ್ರವು ಪ್ರಸರಣ ಮಾರ್ಗದ ತೀರಾ ಸಮೀಪಕ್ಕೆ ಬಂದ ಕಾರಣ ಇಡೀ ದ್ವೀಪ ಪುನಃ ಕತ್ತಲೆಯಲ್ಲಿ ಮುಳುಗಿತು. ಬಹುತೇಕ ಎಲ್ಲ ಗ್ರಾಹಕರಿಗೂ ವಿದ್ಯುತ್ ಮರಳಿದೆಯೆಂದು ಸಂಸ್ಥೆಯು ಪ್ರಕಟಿಸಿದ್ದು 2018ರ ಆಗಸ್ಟ್‌ನಲ್ಲಿ, ಅಂದರೆ ಸುಮಾರು ಹನ್ನೊಂದು ತಿಂಗಳ ನಂತರ. ಸಮುದ್ರದಡಿಯ ಕೇಬಲ್ ಮೂಲಕ ವಿದ್ಯುತ್ ಪಡೆಯುತ್ತಿದ್ದ ವಿಯೆಕೆಸ್ ಹಾಗೂ ಕುಲೆಬ್ರಾ ಎಂಬ ಕಿರುದ್ವೀಪಗಳು ಆ ವೇಳೆಗೂ ಜನರೇಟರ್‌ಗಳನ್ನೇ ಅವಲಂಬಿಸಿದ್ದವು.

5. ದೂರಸಂಪರ್ಕ

ಗೋಪುರ ಗಟ್ಟಿಯಾಗಿ ನಿಂತಿದ್ದರೂ ಮೊಬೈಲ್ ಸೇವೆ ಸ್ಥಗಿತಗೊಳ್ಳಬಹುದು. ಗೋಪುರದ ಬ್ಯಾಟರಿ ಕೆಲವೇ ಗಂಟೆಗಳ ಕಾಲ ಬಾಳುತ್ತದೆ. ತರುವಾಯ ಜನರೇಟರ್‌ಗೆ ಡೀಸೆಲ್ ತಲುಪಬೇಕು. ಡೀಸೆಲ್ ಸಾಗಿಸಲು ರಸ್ತೆ ಬೇಕು, ಎಲ್ಲಿಗೆ ಸಾಗಿಸಬೇಕೆಂದು ತಿಳಿಯಲು ದೂರವಾಣಿ ಬೇಕು. ಹೀಗೆ ಒಂದು ಸೇವೆಯ ದುರಸ್ತಿಗೆ ಮತ್ತೊಂದು ಸೇವೆ ಅನಿವಾರ್ಯವಾಗುತ್ತದೆ.

ಈ ಸರಪಳಿಯನ್ನು ಮುರಿಯಲು ಪೋರ್ಟೊ ರಿಕೊದಲ್ಲಿ ತಾತ್ಕಾಲಿಕ ವ್ಯವಸ್ಥೆಗಳನ್ನು ಕೈಗೊಳ್ಳಲಾಯಿತು. ಉಪಗ್ರಹ ದೂರವಾಣಿಗಳನ್ನು ಬಳಸಲಾಯಿತು. ಹವ್ಯಾಸಿ ರೇಡಿಯೋ ನಿರ್ವಾಹಕರು ಸಂದೇಶಗಳನ್ನು ರವಾನಿಸಿದರು. 2017ರ ಅಕ್ಟೋಬರ್‌ನಲ್ಲಿ ಲೂನ್ ಯೋಜನೆಯ ಬಲೂನುಗಳ ಮೂಲಕ ಸೀಮಿತ ಮೊಬೈಲ್ ಸೇವೆ ಒದಗಿಸಲಾಯಿತು. ನವೆಂಬರ್‌ನಲ್ಲಿ, ನೆಲಕ್ಕೆ ತಂತಿಯಿಂದ ಕಟ್ಟಿದ ಡ್ರೋನ್ ಒಂದನ್ನು ಸಂಚಾರಿ ಗೋಪುರದಂತೆ ಬಳಸಲಾಯಿತು.

6. ಅರ್ಜಿದಾರರಿಗೆ ಒದಗಿದ ತೊಂದರೆ

ಕೇಂದ್ರೀಯ ವಿಪತ್ತು ನಿರ್ವಹಣಾ ಸಂಸ್ಥೆಯ ಪರಿಹಾರಕ್ಕೆ ಅಂತರಜಾಲ ಅಥವಾ ದೂರವಾಣಿಯ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆಯಿತ್ತು. ಆದರೆ ಪರಿಹಾರ ಬೇಕಾಗಿದ್ದವರ ಬಳಿ ಈ ಎರಡೂ ಇರಲಿಲ್ಲ. ಆದುದರಿಂದ ಜನರು ಖುದ್ದಾಗಿ ಅರ್ಜಿ ಸಲ್ಲಿಸಬಹುದಾದ ಕೇಂದ್ರಗಳನ್ನು ತೆರೆಯಬೇಕಾಯಿತು. ತಲೆಮಾರುಗಳಿಂದ ವಾಸವಾಗಿದ್ದರೂ ಮನೆಯ ನೋಂದಾಯಿತ ದಾಖಲೆ ಇಲ್ಲದ ಅನೇಕರ ಅರ್ಜಿಗಳು ತಿರಸ್ಕೃತವಾದವು. 2021ರಲ್ಲಿ ಆ ಸಂಸ್ಥೆಯು ನಿಯಮವನ್ನು ಸಡಿಲಿಸಿ, ಅಂಗೀಕಾರಾರ್ಹ ದಾಖಲೆಗಳ ಪಟ್ಟಿಯನ್ನು ವಿಸ್ತರಿಸಿತು.

7. ವಿಳಂಬದ ಪರಿಣಾಮ

ಮೃತರ ಸಂಖ್ಯೆ 64 ಎಂದು ಮೊದಲು ಪ್ರಕಟಿಸಲಾಗಿತ್ತು. ಚಂಡಮಾರುತದ ನಂತರದ ತಿಂಗಳುಗಳಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳನ್ನು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯವು ಅಧ್ಯಯನ ಮಾಡಿದ ಬಳಿಕ, 2018ರ ಆಗಸ್ಟ್‌ನಲ್ಲಿ ಈ ಸಂಖ್ಯೆಯನ್ನು 2,975 ಎಂದು ಅಲ್ಲಿನ ಸರ್ಕಾರ ಪರಿಷ್ಕರಿಸಿತು. ಗಾಳಿ ನಿಂತ ಮೇಲೂ ಚಂಡಮಾರುತದ ಬಾಧೆ ಮುಂದುವರಿಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಡಯಾಲಿಸಿಸ್, ಆಮ್ಲಜನಕ ಯಂತ್ರ ಹಾಗೂ ಶೈತ್ಯದಲ್ಲಿಡಬೇಕಾದ ಇನ್ಸುಲಿನ್ ಅವಲಂಬಿಸಿದ ರೋಗಿಗಳಿಗೆ ವಿದ್ಯುತ್ ಜೀವಾಧಾರವಾಗಿದೆ. ಅಡ್ಹುಂತಾಸ್ ಎಂಬ ಗುಡ್ಡಗಾಡು ಪಟ್ಟಣದ ಕಾಸಾ ಪ್ವೆಬ್ಲೊ ಸಮುದಾಯ ಕೇಂದ್ರವು ತನ್ನ ಸೌರಫಲಕಗಳಿಂದ ಬೆಳಕನ್ನು ಉಳಿಸಿಕೊಂಡು ಸುತ್ತಲಿನವರಿಗೆ ಆಸರೆಯಾಯಿತು. 2022ರ ಸೆಪ್ಟೆಂಬರ್ 18ರಂದು ಫಿಯೋನಾ ಚಂಡಮಾರುತದಿಂದ ದ್ವೀಪದ ವಿದ್ಯುತ್ ಪುನಃ ಸಂಪೂರ್ಣ ಕಡಿತಗೊಂಡಿತು.

8. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(1) ಮನೆ, ಗುರುತು ಹಾಗೂ ವಿದ್ಯುತ್ ಸಂಪರ್ಕದ ದಾಖಲೆಗಳ ಕಾಗದದ ಪ್ರತಿಗಳನ್ನು ನೀರು ತಾಗದಂತೆ ಇಟ್ಟುಕೊಳ್ಳತಕ್ಕದ್ದು.
(2) ಅಗತ್ಯ ದೂರವಾಣಿ ಸಂಖ್ಯೆಗಳನ್ನು ಕಾಗದದಲ್ಲಿಯೂ ಬರೆದಿಡುವುದು.
(3) ಜೀವರಕ್ಷಕ ಉಪಕರಣ ಬಳಸುವವರು ಆ ವಿಷಯವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು.
(4) ಜನರೇಟರನ್ನು ಮನೆಯೊಳಗೆ ಚಾಲನೆ ಮಾಡಬಾರದು. ಅದರ ಹೊಗೆ ಪ್ರಾಣಾಪಾಯಕರ.
(5) ನೆಲಕ್ಕೆ ಬಿದ್ದ ತಂತಿಯಲ್ಲಿ ವಿದ್ಯುತ್ ಇದೆಯೆಂದೇ ಭಾವಿಸಿ ದೂರವಿರುವುದು.