ಕಂಪ್ಯೂಟರಿನ ಕಡ್ಡಾಯ ಕಾವಲು



ನಿಮ್ಮ ಮಗನೋ ಮಗಳೋ ಸಂಜೆ ಹೊತ್ತು ಕಂಪ್ಯೂಟರ್ ಮುಂದೆ ಕೂತಿರಬಹುದು. "ಏನು ಮಾಡ್ತಿದ್ದೀ?" ಅಂತ ನೀವು ಕೇಳ್ತೀರಿ. "ಆನ್‌ಲೈನ್ ಟ್ರೇನಿಂಗ್. ಸೆಕ್ಯುರಿಟಿ ಕಲೀತಾ ಇದ್ದೀನಿ" ಅಂತಾರೆ. ಸೆಕ್ಯುರಿಟಿ ಅಂದರೆ ಭದ್ರತೆ. ಕಂಪ್ಯೂಟರಿಗೆ ಎಂಥ ಭದ್ರತೆ? ಅದನ್ನು ಕಾಯೋರು ಯಾರು? ಬನ್ನಿ, ತಿಳಿಯೋಣ.

ಎರಡು ಬಗೆಯ ಕಾವಲು

ನಿಮ್ಮ ಮನೆಯ ಕೀಲಿಕೈ ನಿಮ್ಮ ಹತ್ತಿರ ಇದೆ. ಅದನ್ನು ತಂಗಿಗೆ ಕೊಡಬಹುದು. ಪಕ್ಕದ ಮನೆಯವರಿಗೂ ಕೊಡಬಹುದು. ಕೊಡೋದು ಬಿಡೋದು ನಿಮ್ಮ ಇಷ್ಟ. ಆದರೆ ಕೀಲಿಕೈ ಕಳ್ಳನ ಕೈಗೆ ಸಿಕ್ಕರೆ? ಅವನು ಇಡೀ ಮನೆ ತಿರುಗಾಡ್ತಾನೆ.

ಈಗ ಬ್ಯಾಂಕನ್ನು ನೆನಪು ಮಾಡಿಕೊಳ್ಳಿ. ಸಿಪಾಯಿ ಕಾಗದ ಒಯ್ಯುತ್ತಾನೆ. ತಿಜೋರಿ ಮುಟ್ಟುವ ಹಾಗಿಲ್ಲ. ಕ್ಯಾಷಿಯರ್ ರೊಕ್ಕ ಎಣಿಸ್ತಾರೆ. ತಾವೇ ಸಾಲ ಮಂಜೂರು ಮಾಡುವ ಹಾಗಿಲ್ಲ. "ಇವತ್ತೊಂದು ದಿನ ಸಿಪಾಯಿಯೇ ತಿಜೋರಿ ತೆಗೀಲಿ" ಅಂತ ಕ್ಯಾಷಿಯರ್ ಹೇಳಿದರೂ ನಡೆಯೋದಿಲ್ಲ. ನಿಯಮ ಮೇಲಿನ ಕಚೇರಿಯದು. ಅದು ಎಲ್ಲರಿಗೂ ಕಡ್ಡಾಯ.

ಕಂಪ್ಯೂಟರಿನಲ್ಲೂ ಹೀಗೇ. ಫೈಲಿನ ಒಡೆಯ ತನ್ನ ಇಷ್ಟದಂತೆ ಅನುಮತಿ ಕೊಡುವುದು ಒಂದು ಬಗೆ. ಒಡೆಯನ ಇಷ್ಟದ ಮೇಲೂ ಇನ್ನೊಂದು ನಿಯಮ ಇರುವುದು ಎರಡನೆಯ ಬಗೆ. ಇದಕ್ಕೆ 'ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್' ಅಂತ ಹೆಸರು. ನಾವು 'ಕಡ್ಡಾಯ ಕಾವಲು' ಅನ್ನೋಣ.

ಇದರಿಂದ ಏನು ಲಾಭ? ಕಂಪ್ಯೂಟರಿನೊಳಗೆ ಕೆಲಸ ಮಾಡುವ ಆಳಿಗೆ 'ಪ್ರೋಗ್ರಾಂ' ಅಂತಾರೆ. ಕಳ್ಳರು ಒಂದು ಪ್ರೋಗ್ರಾಂ ಅನ್ನು ತಮ್ಮ ವಶ ಮಾಡಿಕೊಂಡರು ಅಂತ ಇಟ್ಟುಕೊಳ್ಳಿ. ಕಡ್ಡಾಯ ಕಾವಲು ಇದ್ದರೆ ಆ ಪ್ರೋಗ್ರಾಂಗೆ ಗೊತ್ತುಪಡಿಸಿದ ಕೆಲಸ ಬಿಟ್ಟು ಬೇರೇನೂ ಮಾಡಲು ಬಿಡೋದಿಲ್ಲ. ಸಿಪಾಯಿಯ ವೇಷದಲ್ಲಿ ಕಳ್ಳ ಬಂದರೂ ತಿಜೋರಿ ತೆರೆಯೋದಿಲ್ಲ, ಹಾಗೆ.

ಇದು ಎಲ್ಲಿಂದ ಬಂತು?

ಮೊದಲು ಇದರ ಗರಜು ಇದ್ದದ್ದು ಅಮೆರಿಕದ ಸೈನ್ಯಕ್ಕೆ. ಗುಟ್ಟಿನ ಕಾಗದಗಳನ್ನು ಕಂಪ್ಯೂಟರಿನಲ್ಲಿ ಕಾಯಬೇಕಿತ್ತು. 1983ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಇದಕ್ಕೊಂದು ನಿಯಮದ ಪುಸ್ತಕ ತಂದಿತು. ಅದರ ಹೊದಿಕೆ ಕಿತ್ತಳೆ ಬಣ್ಣ. ಆದ್ದರಿಂದ 'ಆರೆಂಜ್ ಬುಕ್' ಅಂತಲೇ ಹೆಸರಾಯಿತು.

ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಅದಕ್ಕೆ ಅಮೆರಿಕದ ಎನ್‌ಎಸ್‌ಎ ಎಂಬ ಸರಕಾರಿ ಸಂಸ್ಥೆ ಒಂದು ಕಡ್ಡಾಯ ಕಾವಲು ತಯಾರಿಸಿತು. ಅದರ ಹೆಸರು 'ಎಸ್‌ಇ ಲಿನಕ್ಸ್'. 2000ದ ಡಿಸೆಂಬರಿನಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2003ರಲ್ಲಿ ಅದು ಲಿನಕ್ಸಿನ ಒಳಗೇ ಸೇರಿತು.

ನಿಮ್ಮ ಕೈಯ ಆಂಡ್ರಾಯ್ಡ್ ಫೋನ್ ನಡೆಯೋದೂ ಲಿನಕ್ಸಿನ ಮೇಲೆಯೇ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಈ ಕಾವಲು ಫೋನಿನಲ್ಲಿ ಪೂರ್ತಿ ಜಾರಿಯಾಯಿತು. ಅಂದರೆ ಕಾವಲುಗಾರ ನಿಮ್ಮ ಜೇಬಿನಲ್ಲೇ ಇದ್ದಾನೆ ನೋಡ್ರಿ!

ಚೀಟಿ ನೋಡುವ ಕಾವಲುಗಾರ

ಈ ಕಾವಲುಗಾರ ಮುಖ ನೋಡೋದಿಲ್ಲ. ಚೀಟಿ ನೋಡ್ತಾನೆ. ಪ್ರತಿ ಫೈಲಿಗೂ ಒಂದು ಚೀಟಿ ಇದೆ. ಪ್ರತಿ ಪ್ರೋಗ್ರಾಂಗೂ ಒಂದು ಚೀಟಿ ಇದೆ. ಯಾವ ಚೀಟಿಯವರು ಯಾವ ಚೀಟಿಯ ಫೈಲು ಮುಟ್ಟಬಹುದು ಅಂತ ಅವನ ಹತ್ತಿರ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿ ಇದ್ದರೆ ಹೋಗು. ಇಲ್ಲದಿದ್ದರೆ ಇಲ್ಲ. ತಡೆದದ್ದನ್ನು ಅವನು ದಾಖಲೆ ಪುಸ್ತಕದಲ್ಲಿ ಬರೆದಿಡ್ತಾನೆ.

ತರಬೇತಿಯಲ್ಲಿ ಏನು ಕಲಿಸ್ತಾರೆ?

ಪಟ್ಟಿ ಬರೆಯುವ, ಚೀಟಿ ಸರಿಪಡಿಸುವ ಕೆಲಸ ಕಂಪ್ಯೂಟರ್ ನೋಡಿಕೊಳ್ಳುವವರದು. ತರಬೇತಿ ಅವರಿಗೇ. ಕಂಪ್ಯೂಟರಿನೊಳಗೇ ಇನ್ನೊಂದು ಅಭ್ಯಾಸದ ಕಂಪ್ಯೂಟರ್ ಮಾಡಿ ಕೊಡ್ತಾರೆ. ಅದು ಕೆಟ್ಟರೂ ಚಿಂತೆ ಇಲ್ಲ. ಅಳಿಸಿ ಮತ್ತೆ ಶುರು ಮಾಡಬಹುದು. ಸ್ಲೇಟಿನ ಹಾಗೆ.

ಒಂದು ಅಭ್ಯಾಸ ನೋಡಿ. ಒಂದು ಸೂಚನೆಯ ಫೈಲನ್ನು ಕಲಿಯುವವರು ತಮ್ಮ ಫೋಲ್ಡರಿನಲ್ಲಿ ಬರೀತಾರೆ. ಆಮೇಲೆ ಅದನ್ನು ವೆಬ್‌ಸೈಟಿನ ಫೋಲ್ಡರಿಗೆ ಸರಿಸ್ತಾರೆ. ಫೈಲು ಜಾಗ ಬದಲಿಸಿತು. ಚೀಟಿ ಮಾತ್ರ ಹಳೆಯದೇ ಉಳಿಯಿತು. ವೆಬ್‌ಸೈಟ್ ತೋರಿಸುವ ಪ್ರೋಗ್ರಾಂ ಅದನ್ನು ಓದಲು ಬರ್ತದೆ. ಕಾವಲುಗಾರ ಚೀಟಿ ನೋಡಿ, "ಇದು ಮನೆಯ ಕಾಗದ. ನಿನಗಲ್ಲ" ಅಂತಾನೆ. ಸೂಚನೆ ಯಾರಿಗೂ ಕಾಣೋದಿಲ್ಲ.

ಈಗ ಎರಡು ದಾರಿ ಇವೆ.

ಒಂದು, ಕಾವಲುಗಾರನನ್ನು ಸುಮ್ಮನಿರಿಸುವುದು. ಅದಕ್ಕೆ ಒಂದೇ ಆಜ್ಞೆ ಸಾಕು. ಆಮೇಲೆ ಅವನು ಬರೆದಿಡ್ತಾನೆ, ತಡೆಯೋದಿಲ್ಲ. ಸೂಚನೆ ತಟ್ಟನೆ ಕಾಣ್ತದೆ. ಜೊತೆಗೆ ಕಳ್ಳರಿಗೂ ದಾರಿ ಆಯ್ತು.

ಇನ್ನೊಂದು, ದಾಖಲೆ ಪುಸ್ತಕ ತೆಗೆದು ಓದುವುದು. ಯಾರು ಬಂದರು? ಏನು ಕೇಳಿದರು? ಯಾವ ಚೀಟಿ ಇತ್ತು? ಎಲ್ಲವೂ ಅಲ್ಲಿದೆ. ಓದಿದರೆ ತಪ್ಪು ತಿಳೀತದೆ. 'ರಿಸ್ಟೋರ್‌ಕಾನ್' ಎಂಬ ಆಜ್ಞೆ ಕೊಟ್ಟರೆ ಸರಿಯಾದ ಚೀಟಿ ಬರ್ತದೆ. ಸೂಚನೆಯೂ ಕಾಣ್ತದೆ. ಕಾವಲೂ ಉಳೀತದೆ.

ಅವಸರದಲ್ಲಿ ಮೊದಲ ದಾರಿ ಹಿಡಿಯುವವರು ಬಹಳ. ಇದು ನಿಮಗೆ ಹೊಸ ಮಾತಲ್ಲ. ಓದು ಬಾರದ ದಿನಗಳಲ್ಲಿ "ಇಲ್ಲಿ ಒತ್ತು" ಅಂದ ಕಡೆ ಹೆಬ್ಬೆಟ್ಟು ಒತ್ತಿದವರು ಎಷ್ಟು ಜನ! ಕೆಲಸ ಬೇಗ ಆಯಿತು. ಹೊಲ ಹೋಯಿತು. ಇಂದು ನೀವು ಕಾಗದ ಓದಿ ಸಹಿ ಮಾಡ್ತೀರಿ. ನಿಮ್ಮ ಮಗಳು ಕಲಿಯುತ್ತಿರೋದೂ ಅದನ್ನೇ. ಮೊದಲು ಓದು, ಆಮೇಲೆ ಕೈ ಹಾಕು.

ಸೇರುವ ಮುನ್ನ

ಲಿನಕ್ಸಿಗೂ ಎಸ್‌ಇ ಲಿನಕ್ಸಿಗೂ ರೊಕ್ಕ ಕೊಡಬೇಕಿಲ್ಲ. ಐಐಟಿ ಮುಂಬಯಿಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಲಿನಕ್ಸಿನ ಮೊದಲ ಪಾಠಗಳು ಕನ್ನಡದಲ್ಲೂ ಇವೆ. ಮೊದಲು ಅವನ್ನು ಕಲಿಯಲಿ. ದುಬಾರಿ ಫೀ ಕೇಳುವವರು ಅಭ್ಯಾಸಕ್ಕೆ ಕಂಪ್ಯೂಟರ್ ಕೊಡ್ತಾರೋ ಇಲ್ಲವೋ, ಕೇಳಿ ನೋಡಿ. ಬರೀ ಸರ್ಟಿಫಿಕೇಟಿಗೆ ರೊಕ್ಕ ಕಟ್ಟಬೇಡಿ.

ಕಾವಲಿಗೂ ಮಿತಿ ಇದೆ

ಒಂದು ಮಾತು ಮರೀಬೇಡಿ. ಫೋನಿನೊಳಗಿನ ಕಾವಲುಗಾರ ಒಂದು ಆ್ಯಪ್ ಇನ್ನೊಂದರ ಗುಟ್ಟು ಕದಿಯದಂತೆ ತಡೀತಾನೆ. ಆದರೆ ನೀವೇ ಬಾಯಿಬಿಟ್ಟು ಒಟಿಪಿ ಹೇಳಿದರೆ ಅವನೇನು ಮಾಡಿಯಾನು? ಬ್ಯಾಂಕಿನವರು ಎಂದು ಹೇಳಿಕೊಂಡು ಯಾರೇ ಕೇಳಿದರೂ ಒಟಿಪಿ ಹೇಳಬೇಡಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಹೊಸ ಪದಗಳು
ಭದ್ರತೆ – ಕಾಪಾಡುವುದು
ಕಡ್ಡಾಯ – ಬಿಡುವಂತಿಲ್ಲದ್ದು
ಅನುಮತಿ – ಒಪ್ಪಿಗೆ
ತಂತ್ರಾಂಶ – ಕಂಪ್ಯೂಟರಿಗೆ ಕೆಲಸ ಹೇಳುವ ಬರಹ

ಉತ್ತರ ಹೇಳಿ
1. ಮನೆಯ ಕೀಲಿಗೂ ಬ್ಯಾಂಕಿನ ನಿಯಮಕ್ಕೂ ಏನು ವ್ಯತ್ಯಾಸ?
2. ಕಾವಲುಗಾರ "ಇಲ್ಲ" ಅಂದಾಗ ಮೊದಲು ಏನು ಮಾಡಬೇಕು?
3. ಫೋನಿನ ಕಾವಲುಗಾರನಿಂದ ತಡೆಯಲಾಗದ ತಪ್ಪು ಯಾವುದು?