ರಾಗಿ ಕೊಯ್ಯೋ ಮುಂಚೆ ಫೋನ್ ತೆಗೀರಿ

ಹನೂರು ಕಡೆ ರಾಗಿ ಮಳೆ ನಂಬಿದ ಬೆಳೆ. ಕೊಳ್ಳೇಗಾಲ, ಯಳಂದೂರಿನ ನೀರಾವರಿ ಗದ್ದೆಗಳಲ್ಲಿ ಭತ್ತ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲ್ ರಾಗಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಆದ್ರೂ ಕಣದಲ್ಲೇ ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟುಬಿಡೋರನ್ನ ನಾನು ನೋಡ್ತಾನೇ ಇರ್ತೀನಿ. ಸಾಲ ಇದ್ದರೆ ಕಾಯೋಕಾಗಲ್ಲ, ನಿಜ. ಆದ್ರೆ ಎಷ್ಟೋ ಸಲ ತಡೆಯೋದು ದಾಖಲೆ: ಫ್ರೂಟ್ಸ್ ಐಡಿಯಲ್ಲಿ ನಿಮ್ಮ ಸರ್ವೆ ನಂಬರ್ ಸೇರಿರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಹೊಲಕ್ಕೆ ರಾಗಿ ಅಂತಲೇ ಬಂದಿರಬೇಕು. ಪೈರು ನಿಂತಿರುವಾಗಲೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ಹಾಕಿ; ಕೊಯ್ದ ಮೇಲೆ ಖಾಲಿ ಹೊಲ ಏನು ತೋರಿಸುತ್ತೆ? ಜಮೀನು ಅಪ್ಪನ ಹೆಸರಲ್ಲಿದ್ದರೆ ಐಡಿಯೂ ಅವರದ್ದೇ ಬೇಕು. ಆಮೇಲೆ ಕಾಳು ಚೆನ್ನಾಗಿ ಒಣಗಿಸಿ. ರಾಗಿಯ ತೇವಾಂಶ ಶೇ. 12 ದಾಟಿದರೆ ಖರೀದಿ ಕೇಂದ್ರದಲ್ಲಿ ತಗೊಳ್ಳಲ್ಲ.