ಪರೀಕ್ಷಾ ಕೋಣೆಯಲ್ಲಿ ಎದೆಬಡಿತದ ಲೆಕ್ಕ

ಫೆಬ್ರವರಿ-ಮಾರ್ಚ್ ಬಂತೆಂದರೆ ಮುಂಬಯಿಯ ಮನೆ ಮನೆಗಳಲ್ಲಿ ಎಸ್ಸೆಸ್ಸಿ, ಎಚ್ಚೆಸ್ಸಿ ಪರೀಕ್ಷೆಗಳದ್ದೇ ಮಾತು. ಟಿವಿ ಬಂದ್, ನೆಂಟರ ಮನೆಗೆ ಹೋಗುವುದೂ ಬಂದ್. ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಮಕ್ಕಳ ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಎದೆ ಡವಡವ ಎನ್ನುತ್ತದೆ. ‘ಹೆದರಬೇಡ’ ಎಂದು ಹೆತ್ತವರು ಸಮಾಧಾನ ಹೇಳುತ್ತಾರೆ. ಆದರೆ ಅದು ನಿಜಕ್ಕೂ ಹೆದರಿಕೆಯೇ? ವಿಜ್ಞಾನಿಗಳು ಅದನ್ನು ಅಳೆದು ನೋಡಿದ್ದಾರೆ.

ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 10 ಮಂದಿ ವಿದ್ಯಾರ್ಥಿಗಳು ಮೂರು ಪರೀಕ್ಷೆಗಳನ್ನು ಬರೆಯುವಾಗ ಅವರ ಮಣಿಕಟ್ಟಿಗೆ ಗಡಿಯಾರದಂತಹ ಪಟ್ಟಿ ತೊಡಿಸಿದರು. ನಾಡಿಮಿಡಿತ, ಚರ್ಮದ ಉಷ್ಣತೆ, ಚರ್ಮದಲ್ಲಿ ವಿದ್ಯುತ್ ಹರಿಯುವ ಪ್ರಮಾಣ ಎಲ್ಲವೂ ದಾಖಲಾದವು. ಈ ಮಾಹಿತಿಯನ್ನು 2022ರಲ್ಲಿ ಇತರ ಸಂಶೋಧಕರ ಬಳಕೆಗೂ ಬಿಡುಗಡೆ ಮಾಡಲಾಯಿತು. ಇದರ ಗುಟ್ಟು ಸರಳ. ಮನಸ್ಸು ಉದ್ವೇಗಗೊಂಡಾಗ ನರಮಂಡಲವು ಬೆವರಿನ ಗ್ರಂಥಿಗಳನ್ನು ಚುರುಕುಗೊಳಿಸುತ್ತದೆ. ಕಣ್ಣಿಗೆ ಕಾಣದಷ್ಟು ತೇವವಾದರೂ ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲೂ ಅಂಗೈ ಬೆವರುತ್ತದೆ. ಅದು ಭಯವೋ, ಉತ್ಸಾಹವೋ ಎಂಬುದನ್ನು ಬೆವರೊಂದೇ ಹೇಳಲಾರದು. ಬ್ಯಾಂಕಿನವನಾದ ನನ್ನ ಭಾಷೆಯಲ್ಲಿ ಹೇಳುವುದಾದರೆ, ಪಾಸ್‌ಬುಕ್ಕಿನಲ್ಲಿ ಮೊತ್ತ ನಮೂದಾಗಿದೆ, ವಿವರದ ಕಾಲಂ ಖಾಲಿ ಉಳಿದಿದೆ. ಅದನ್ನು ತುಂಬಬೇಕಾದವನು ವಿದ್ಯಾರ್ಥಿಯೇ. ಮ್ಯಾಂಡ್ಲರ್ ಮತ್ತು ಸಾರಸನ್ ಎಂಬ ಮನಶ್ಶಾಸ್ತ್ರಜ್ಞರು 1952ರಲ್ಲೇ ಪರೀಕ್ಷಾ ಭಯವನ್ನು ತಿಳಿಯಲು ಪ್ರಶ್ನಾವಳಿ ರೂಪಿಸಿದ್ದರು. ಇಂದಿಗೂ ಯಂತ್ರದ ಜತೆಗೆ ಇಂತಹ ಪ್ರಶ್ನಾವಳಿಗಳು ಬೇಕಾಗುತ್ತವೆ.

ಆ ವಿವರ ಬದಲಾದರೆ ಫಲಿತಾಂಶವೂ ಬದಲಾಗಬಹುದು ಎಂಬುದು ಗಮನಾರ್ಹ. ಜೆರೆಮಿ ಜೇಮಿಸನ್ ಮತ್ತು ಸಂಗಡಿಗರ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಜಿಆರ್‌ಇ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ಒಂದು ಗುಂಪಿಗೆ, ಉದ್ವೇಗವಾದರೆ ಚಿಂತೆ ಬೇಡ, ಅದು ನೆರವಿಗೇ ಬರಬಹುದು ಎಂದು ಮಾದರಿ ಪರೀಕ್ಷೆಗೆ ಮುನ್ನ ತಿಳಿಸಲಾಯಿತು. ಗಣಿತದಲ್ಲಿ ಆ ಗುಂಪೇ ಹೆಚ್ಚು ಅಂಕ ಗಳಿಸಿತು. ಮುಂದೆ ನಿಜವಾದ ಪರೀಕ್ಷೆಯಲ್ಲೂ ಹಾಗೆಯೇ ಆಯಿತು. ಜೊಲ್ಲಿನ ಪರೀಕ್ಷೆ ಮಾಡಿದಾಗ ಅವರ ದೇಹದ ಉದ್ವೇಗ ತಗ್ಗಿರಲಿಲ್ಲ, ಏರಿತ್ತು!

ಹಾಗೆಂದು ವಾರಗಟ್ಟಲೆ ಕಾಡುವ ಒತ್ತಡವನ್ನು ಹಗುರವಾಗಿ ಕಾಣುವಂತಿಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಅಂಗುಳಿನಲ್ಲಿ ಚಿಕ್ಕ ಗಾಯ ಮಾಡಿ, ಮಾಯುವ ದಿನಗಳನ್ನು ಎಣಿಸಿದರು. ರಜೆಗಿಂತ ಪರೀಕ್ಷೆಯ ವೇಳೆ ಗಾಯ ಮಾಯಲು ಸರಾಸರಿ 3 ದಿನ, ಅಂದರೆ ಶೇ. 40ರಷ್ಟು ಹೆಚ್ಚು ಸಮಯ ಬೇಕಾಯಿತು. ಇದು ಪ್ರಕಟವಾದದ್ದು 1998ರಲ್ಲಿ.

ಆದುದರಿಂದ ಹೆತ್ತವರು ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಪರೀಕ್ಷೆಯ ಬೆಳಿಗ್ಗೆ ಮಗುವಿನ ಕೈ ನಡುಗಿದರೆ ‘ನಿನ್ನ ದೇಹ ಸಿದ್ಧವಾಗುತ್ತಿದೆ’ ಎನ್ನಿ. ಆದರೆ ಹಲವು ದಿನಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಮಾತೂ ಕಡಿಮೆಯಾಗಿದೆ ಎಂದಾದರೆ ಅಂಕದ ಮಾತು ಬದಿಗಿಟ್ಟು ಮಗುವಿನ ಪಕ್ಕ ಕುಳಿತುಕೊಳ್ಳಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಯಾವ ಯಂತ್ರಕ್ಕೂ ಮೊದಲು ಮಗುವಿನ ಮುಖ ಓದಬೇಕಾದವರು ಮನೆಯವರೇ ಅಲ್ಲವೇ?